ಚಾಚಾನ ವಹಿಯೊಳಗಿನ ಹಾದಿ

ಈ ಕಬ್ಬಿಣದ ಟ್ರಂಕು ನನಗೆ ಹನ್ನೊಂದು ಸಾವಿರಕ್ಕೆ ಬಿತ್ತು. ಒಳಗಿದ್ದದ್ದು ಹಳೆಯ ನಕಲು ವಹಿಗಳು. ರದ್ದಿಯವನ ತಕ್ಕಡಿಗೆ ಹಾಕಿದ್ದರೆ ಸಾವಿರ ದಾಟುತ್ತಿರಲಿಲ್ಲ. ಅದರ ಮೇಲೆ ಎಂಟು ತಿಂಗಳ ಮುಂಜಾವು ಹೋಯಿತು, ಅಂಗಡಿ ತೆರೆಯುವ ಮೊದಲಿನ ಎರಡೆರಡು ತಾಸು. ಕೊನೆಗೆ ಲೇಔಟ್ ಮಾಡುವವರ ಕೆಲಸವೂ ಕೈತಪ್ಪಿತು. ನನ್ನ ಅಂಗಡಿಯ ಅರ್ಧ ದುಡಿಮೆ ಅವರದೇ ಇತ್ತು. ಕೊತ್ತಂಬರಿ ಸಿವುಡಿಗೂ ಚೌಕಾಸಿ ಮಾಡುವ ಮನುಷ್ಯ ನಾನು. ಒಂದು ಗಾಡಿ ಹೋಗುವಷ್ಟು ಅಗಲದ ಹಾದಿಗಾಗಿ, ಅದೂ ಇನ್ನೊಬ್ಬರ ಹೊಲದ ಹಾದಿಗಾಗಿ ಇಷ್ಟು ಸುರಿದೆನೆಂದು ಅಣ್ಣಿಗೇರಿಯ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಈಗಲೂ ನಗುತ್ತಾರೆ. ನಗಲಿ. ಅಂಥದೇ ಇನ್ನೊಂದು ಟ್ರಂಕು ಮಾರಾಟಕ್ಕೆ ಬಂದರೆ ಅದನ್ನೂ ಕೊಳ್ಳುತ್ತೇನೆ.

ಮುಚ್ಚಳ ಎತ್ತಿದ ದಿನ ಮೊದಲು ಬಂದದ್ದು ಲವಂಗದ ವಾಸನೆ. ಹುಳ ಹತ್ತಬಾರದೆಂದು ಪ್ರತಿ ವಹಿಯ ನಡುವೆ ನಾಲ್ಕಾರು ಲವಂಗ ಇಡುವುದು ಚಾಚಾನ ರೂಢಿ. ಬಾಯಲ್ಲೂ ಸದಾ ಅದೇ ಲವಂಗ. ವಾಸನೆ ಮೂಗಿಗೆ ಹತ್ತಿದ್ದೇ ತಡ, ಇಪ್ಪತ್ತು ವರ್ಷ ಹಿಂದಿನ ಆ ಬೇವಿನ ಮರ, ಒಂದು ಕಾಲು ಮೋಟಾದ ಆ ಟೇಬಲ್ಲು, ಅದರ ಹಿಂದೆ ಬಿಳಿ ಟೊಪ್ಪಿಗೆ ಹಾಕಿಕೊಂಡು ಕುಳಿತ ಚಾಚಾ...

ಅವರು ನನಗೆ ಸಂಬಂಧಿಯಲ್ಲ. ನೋಂದಣಿ ಕಚೇರಿಯ ಎದುರು ಕೂತು ಹೊಲಮನೆಗಳ ಖರೀದಿ ಕಾಗದ ಬರೆಯುವ ಕೆಲಸ ಅವರದು. ಊರಿಗೆಲ್ಲ ಅವರು ಬಾಂಡ್ ಬರೆಯುವ ಸಾಹೇಬರು, ನನಗೆ ಮಾತ್ರ ಚಾಚಾ. ಮನೆಯಲ್ಲಿ ಉರ್ದು ಆಡುತ್ತಿದ್ದರು, ಕನ್ನಡ ಬರೆದರೆ ಅಕ್ಷರ ಒಂದೊಂದೂ ಸಾಲಿಗೆ ನಿಂತ ಜೋಳದ ದಂಟಿನ ಹಾಗೆ ಇರುತ್ತಿತ್ತು. ಬರೆದ ಪ್ರತಿ ಕಾಗದದ ಒಂದು ನಕಲನ್ನು ತಮ್ಮ ವಹಿಯಲ್ಲಿ ಇಳಿಸಿಕೊಳ್ಳದೆ ಮನೆಗೆ ಹೋಗುತ್ತಿರಲಿಲ್ಲ.

ಅವರ ಒಂದು ಹಟವನ್ನು ಇಲ್ಲಿ ಹೇಳಲೇಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಹೊಲದ ಕಾಗದದಲ್ಲಿ ಚಕ್ಕುಬಂದಿ ಎಂಬ ಭಾಗವೊಂದಿರುತ್ತದೆ. ಪೂರ್ವಕ್ಕೆ ಏನಿದೆ, ಪಶ್ಚಿಮಕ್ಕೆ ಯಾರ ಹೊಲ, ದಕ್ಷಿಣಕ್ಕೆ ಹಳ್ಳವೋ ಗುಡಿಯೋ, ಉತ್ತರಕ್ಕೆ ಏನು ಎಂದು ನಾಲ್ಕು ದಿಕ್ಕಿನ ಗಡಿ ಹೇಳುವುದು. ಉಳಿದ ಬರಹಗಾರರು ಅದನ್ನು ಕೂತಲ್ಲೇ ಬರೆಯುತ್ತಿದ್ದರು. ಚಾಚಾ ಹೊಲಕ್ಕೆ ಹೋಗದೆ ಪೆನ್ನಿನ ಟೊಪ್ಪಿಗೆ ತೆಗೆಯುತ್ತಿರಲಿಲ್ಲ. ಸೈಕಲ್ ಮೇಲೆ ಹೋಗಿ, ಬಾಜೂ ಹೊಲದವರನ್ನು ಕರೆಸಿ, ಒಬ್ಬೊಬ್ಬರನ್ನು ಒಂದೊಂದು ಮೂಲೆಗೆ ನಿಲ್ಲಿಸಿ, ಇದಕ್ಕೆ ನೀವು ಏನಂತೀರಿ ಎಂದು ಕೇಳಿ, ಅವರು ಅಂದದ್ದನ್ನು ಅಂದ ಹಾಗೇ ಬರೆದುಕೊಳ್ಳುತ್ತಿದ್ದರು. ಸಾಕ್ಷಿಯ ಸಹಿಯನ್ನೂ ಅವರಿಂದಲೇ ಹಾಕಿಸುತ್ತಿದ್ದರು. ಕೊಳ್ಳುವವನ ಭಾವಮೈದುನ, ಮಾರುವವನ ಗೆಳೆಯ, ಇಂಥ ಸಾಕ್ಷಿಗಳು ಅವರ ಟೇಬಲ್ಲಿಗೆ ನಡೆಯುತ್ತಿರಲಿಲ್ಲ. ಮೂಲೆಯಲ್ಲಿ ನಿಂತವನೇ ಸಾಕ್ಷಿ.

ನಾನು ಅವರ ಪಕ್ಕ ಬಂದು ಕೂತದ್ದು ಬರಿಗೈಯಲ್ಲಿ. ಕಾಳಿನ ಅಂಗಡಿಯಲ್ಲಿ ಚೀಲದ ಬಾಯಿ ಹೊಲಿಯುತ್ತ, ಚೀಟಿ ಅಂಟಿಸುತ್ತ ಕೂಡಿಸಿದ ಹಣದಲ್ಲಿ ಒಂದು ಹಳೆಯ ಕಂಪ್ಯೂಟರು, ಒಂದು ಪ್ರಿಂಟರು ಕೊಂಡಿದ್ದೆ. ಇಡಲು ಜಾಗ ಇರಲಿಲ್ಲ. ಚಾಚಾ ತಮ್ಮ ತಗಡಿನ ಚಪ್ಪರದಲ್ಲಿ ಅರ್ಧ ಬಿಟ್ಟುಕೊಟ್ಟರು. ಬಾಡಿಗೆ ಎಷ್ಟೆಂದು ಕೇಳಿದೆ. ಒಂದು ಪ್ಯಾಕೆಟ್ ಲವಂಗ ಎಂದರು. ಆರು ವರ್ಷ ಹಾಗೇ ನಡೆಯಿತು. ಕಾಗದದ ಭಾಷೆಯೆಲ್ಲ ಅವರೇ ಕಲಿಸಿದ್ದು. ಅವರು ಒಂದು ಕಾಗದ ಬರೆಯುವಷ್ಟರಲ್ಲಿ ನಾನು ಆರು ಕಾಗದ ತೆಗೆದುಕೊಡುತ್ತಿದ್ದೆ. ಚಕ್ಕುಬಂದಿಗೆ ಸರ್ವೆ ನಂಬರು ಹಾಕಿದರೆ ಮುಗಿಯಿತು, ಹೊಲಕ್ಕೇಕೆ ಹೋಗಬೇಕು ಎಂದು ಅವರಿಗೇ ಬುದ್ಧಿ ಹೇಳುತ್ತಿದ್ದೆ. ನಂಬರು ಸರಕಾರದ್ದು, ಹೊಲ ಜನರದ್ದು ಎಂದು ನಕ್ಕು ಸೈಕಲ್ ಹತ್ತುತ್ತಿದ್ದರು.

ಆಮೇಲೆ ಸಾವಕಾರರ ಕಾಗದ ಬಂತು. ಅವರು ಊರ ಹೊರಗಿನ ಒಂದು ಹೊಲ ಕೊಂಡಿದ್ದರು. ಅದರ ಉತ್ತರದ ಬದುವಿನಗುಂಟ, ಹಿಂದಿನ ಹೊಲಗಳಿಗೆ ಹೋಗುವ ಹಾದಿಯೊಂದಿತ್ತು. ನಮ್ಮದು ಎರೆಭೂಮಿ. ಪಕ್ಕದವನು ವರ್ಷಕ್ಕೊಂದು ಸಾಲು ಒಳಗೆ ಸರಿದು ನೇಗಿಲು ಹಾಕಿದರೆ ಹಾದಿ ಸೊರಗುತ್ತದೆ, ನಾಲ್ಕು ವರ್ಷ ಬಿಟ್ಟು ಬಂದರೆ ಇತ್ತೆಂಬ ಗುರುತೂ ಇರುವುದಿಲ್ಲ. ಉಳಿಯುವುದು ಕಾಗದದಲ್ಲಿ ಮಾತ್ರ. ಅದು ಸಾವಕಾರರಿಗೆ ಚೆನ್ನಾಗಿ ಗೊತ್ತಿತ್ತು. ಉತ್ತರಕ್ಕೆ ಬರೀ ನಂಬರು ಬರೆಯಿರಿ, ಹಾದಿಯ ಸುದ್ದಿ ಬೇಡ ಎಂದರು.

"ನಿನ್ನಿ ಆ ಹಾದೀ ಮ್ಯಾಲೇ ನಡದು ಬಂದೀನ್ರಿ," ಎಂದರು ಚಾಚಾ. "ಚಪ್ಪಲಿಗೆ ಅದರ ಮಣ್ಣು ಇನ್ನೂ ಹತ್ತೇತಿ. ಇಲ್ಲಂತ ಹೆಂಗ ಬರೀಲಿ?"

ಸಾವಕಾರರು ಎರಡು ಪಟ್ಟು ಕೊಡುತ್ತೇನೆಂದರು. ಚಾಚಾ ಪೆನ್ನಿಗೆ ಟೊಪ್ಪಿಗೆ ಹಾಕಿ ಕಿಸೆಯಲ್ಲಿ ಸಿಕ್ಕಿಸಿಕೊಂಡರು. "ಬರಿಯಂಗಿಲ್ರಿ." ಅಷ್ಟೇ. ದನಿ ಏರಿಸಲಿಲ್ಲ. ಸಾವಕಾರರು ಕುರ್ಚಿಯನ್ನು ತಿರುಗಿಸಿ ನನ್ನ ಕಡೆ ಹಾಕಿಕೊಂಡರು.

ನಾನು ಬೇಡ ಅನ್ನಲಿಲ್ಲ. ಎಷ್ಟು ಕೊಡುತ್ತೀರಿ ಎಂದು ಕೇಳಿದೆ. ಅವರು ಹೇಳಿದ್ದರ ಮೇಲೆ ಇನ್ನಷ್ಟು ಎಳೆದೆ. ಇಪ್ಪತ್ತು ನಿಮಿಷದಲ್ಲಿ ಕಾಗದ ತಯಾರಾಯಿತು. ಕೊನೆಯಲ್ಲಿ ಬಿಕ್ಕಲಂ, ಅಂದರೆ ಕಾಗದ ಬರೆದವನ ಸಹಿ, ನನ್ನದೇ ಹಾಕಿದೆ. ಅಂದು ಸಂಜೆ ಟೇಬಲ್ಲು ಮಡಚುವಾಗ ಚಾಚಾ ಹೇಳಿದ್ದು ಒಂದೇ ಮಾತು.

"ಲೇ ತಮ್ಮಾ, ಹಾದಿ ಅಲ್ಲೇ ಇರ್ತೈತಿ. ಕಾಗದದಾಗ ಇಲ್ಲ ಅಂದ್ರ, ಅದರ ಮ್ಯಾಲೆ ನಡಿಯವ್ರು ಕಳ್ಳರಾಗ್ತಾರ."

ನಾನು ಬರೆಯದಿದ್ದರೆ ಮತ್ತೊಬ್ಬನು ಬರೆಯುತ್ತಿದ್ದ ಎಂದೆ. ಚಾಚಾ ಲವಂಗ ಬಾಯಿಗೆ ಹಾಕಿಕೊಂಡರು. "ಆ ಮತ್ತೊಬ್ಬಾವಗ ಅಗದಿ ಬಿಡುವೇ ಇಲ್ಲ ನೋಡು. ಎಲ್ಲಾ ಇಂಥಾ ಕೆಲಸಾನೂ ಅವನ ಹೆಸರಿಗೇ."

ಮರುದಿನವೂ ಅವರು ನನಗೆ ಮೊದಲಿನ ಹಾಗೇ ಚಹಾ ತರಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಹಟಮಾರಿ ಎಂದು ಹೆಸರಾಗಿ ಅವರ ಗಿರಾಕಿ ಇಳಿಯುತ್ತ ಹೋಯಿತು, ಇಳಿದದ್ದೆಲ್ಲ ನನ್ನ ಕಡೆ ಬಂತು. ನಾನು ಸ್ವಂತ ಅಂಗಡಿ ಹಿಡಿದೆ. ಚಾಚಾನ ಕಣ್ಣು ಮಂಜಾಯಿತು, ಟೇಬಲ್ಲು ಮನೆ ಸೇರಿತು. ಒಮ್ಮೆ ಹೋಗಿ ಆ ದಿನದ ಮಾತು ತೆಗೆಯಬೇಕು ಎಂದುಕೊಳ್ಳುತ್ತ ಉಳಿದೆ. ಅಂಗಡಿಯಲ್ಲಿ ಯಾವಾಗಲೂ ಗಿರಾಕಿ ಇರುತ್ತಿದ್ದರು... ಚಾಚಾ ಮಣ್ಣಾದ ದಿನ ಮಾತ್ರ ಅಂಗಡಿ ಮುಚ್ಚಿ ಹೋಗಿದ್ದೆ.

ಸಾವಕಾರರು ಆ ಹೊಲವನ್ನು ವರ್ಷಗಟ್ಟಲೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಬಿಟ್ಟಿದ್ದರು. ಹಾದಿಯಲ್ಲಿ ಜನ ಮೊದಲಿನ ಹಾಗೇ ತಿರುಗುತ್ತಿದ್ದರು, ಯಾರೂ ಏನೂ ಅನ್ನಲಿಲ್ಲ. ಎರಡು ವರ್ಷದ ಹಿಂದೆ ಸಾವಕಾರರು ಅಲ್ಲಿ ಲೇಔಟ್ ಎಬ್ಬಿಸಿದರು. ಉತ್ತರದ ಬದುವಿನ ಮೇಲೆ ಕಾಂಪೌಂಡ್ ಗೋಡೆ ಬಂತು. ಆಮೇಲೊಂದು ದಿನ ಹಿಂದಿನ ಹೊಲದ ಅಕ್ಕಾರು ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ಗಂಡ ತೀರಿದ ಮೇಲೆ ನಾಲ್ಕೂವರೆ ಎಕರೆಯನ್ನು ತಾವೇ ನಿಂತು ಮಾಡಿಸುವವರು. ಕೈಯಲ್ಲಿ ನಾನೇ ಬರೆದ ಕಾಗದದ ಝೆರಾಕ್ಸ್ ಇತ್ತು. ಕೊನೆಯ ಪುಟ ತೆಗೆದು ಬೆರಳಿಟ್ಟು ಇದು ಯಾರ ಸಹಿ ಎಂದು ಕೇಳಿದರು. ನನ್ನದೇ ಎಂದೆ.

"ಹಂಗಾರ ಹಾದಿ ನುಂಗಿದಾವ್ರು ನೀವ. ಕಾರ್ರಿ ಈಗ."

ಅವರು ಅತ್ತದ್ದಿಲ್ಲ, ಬೈದದ್ದೂ ಇಲ್ಲ. ಕುರ್ಚಿ ಎಳೆದುಕೊಂಡು ಕೂತು ಸಂಗತಿ ಹೇಳಿದರು. ಮೆಣಸಿನಕಾಯಿ ಹಣ್ಣಾಗಿ ನಿಂತಿದೆ, ಟ್ರ್ಯಾಕ್ಟರ್ ಒಳಗೆ ಬರುವುದಿಲ್ಲ, ತಲೆಹೊರೆಯಲ್ಲಿ ಹಳ್ಳ ಸುತ್ತಿ ತರಬೇಕು, ಆಳುಗಳು ಬರುವುದಿಲ್ಲ ಅನ್ನುತ್ತಿದ್ದಾರೆ. ಹಾದಿ ಇಲ್ಲದ ಹೊಲ ನಿಮಗೇಕೆ, ನಮಗೆ ಕೊಡಿ ಎಂದು ಸಾವಕಾರರ ಕಡೆಯವರು ಬಂದು ಅರ್ಧ ಬೆಲೆ ಹೇಳಿ ಹೋಗಿದ್ದಾರೆ. ಇವರು ಮಾರುವುದಿಲ್ಲ ಎಂದು ಕಳಿಸಿದ್ದಾರೆ. ತಹಸೀಲ್ದಾರರ ಮುಂದೆ ಅರ್ಜಿ ಕೊಟ್ಟಾಗಿದೆ. ಹಾದಿ ಇತ್ತೆನ್ನುವ ಕಾಗದ ತನ್ನಿ ಅನ್ನುತ್ತಾರೆ.

ಕಾಗದ ಎಲ್ಲಿಂದ ತರುವುದು? ಸಾವಕಾರರು ಕೊಳ್ಳುವ ಮೊದಲು ಮುಂದಿನ ಹೊಲವಾಗಲಿ, ಇವರ ಹೊಲವಾಗಲಿ ಅಪ್ಪನಿಂದ ಮಗನಿಗೆ ಬಂದದ್ದು, ಹಳೆಯ ಖರೀದಿ ಪತ್ರವೇ ಇಲ್ಲ. ಊರಿನ ನಕಾಶೆಯಲ್ಲಿ ಆ ಹಾದಿ ಇಲ್ಲ. ಆದರೆ ಸುತ್ತಲಿನ ಯಾರಾದರೂ ಹೊಲ ಮಾರಿದಾಗ ಅವರ ಚಕ್ಕುಬಂದಿಯಲ್ಲಿ ಈ ಹಾದಿ ಬಂದಿರಲೇಬೇಕು. ನೋಂದಣಿಯಾದ ಹಳೆಯ ಕಾಗದ ಹುಡುಕಿಸಬೇಕೆಂದರೆ ಕೊಂಡವರ ಮಾರಿದವರ ಹೆಸರು ಬೇಕು, ಇಲ್ಲವೆ ಸರ್ವೆ ನಂಬರು ಬೇಕು. ನಂಬರುಗಳು ಒಡೆದು ಒಡೆದು ಬದಲಾಗಿವೆ, ಹೆಸರಿನವರು ಸತ್ತು ಎರಡು ತಲೆಮಾರಾಗಿದೆ. ಯಾವ ಯಾವ ಕಾಗದದ ಹೊಟ್ಟೆಯಲ್ಲಿ ಈ ಹಾದಿಯ ಮಾತಿದೆ, ಅದನ್ನು ತೆಗೆಯಿರಿ ಎಂದು ಕೇಳಲು ದಾರಿಯಿಲ್ಲ. ಆಗ ಚಾಚಾನ ವಹಿಗಳು ನೆನಪಾದವು.

ಚಾಚಿ ಮಗಳ ಮನೆಯಲ್ಲಿದ್ದರು. ಟ್ರಂಕು ಇನ್ನೂ ಇತ್ತು. ರದ್ದಿಯವನು ಬಂದು ನೋಡಿ ಹೋಗಿದ್ದನಂತೆ. ಅವನಿಗಿಂತ ಒಂದು ಐನೂರು ಹೆಚ್ಚು ಕೊಡುತ್ತೇನೆ ಎಂದೆ, ಬಾಯಿಗೆ ರೂಢಿಯಾದ ಮಾತು. ಚಾಚಿ ಅಡಕೆ ಕತ್ತರಿಸುವುದನ್ನು ನಿಲ್ಲಿಸಿದರು.

"ಆರು ವರ್ಷ ಅವರ ಬಾಜೂಕ ಕುಂತು ಅಕ್ಷರ ಕಲ್ತಿ. ಅದನ್ನ ಹಿಡದು ಬೆಲೆ ಹೇಳು."

ಅಂದು ಕಿಸೆಯಲ್ಲಿದ್ದದ್ದು ಹನ್ನೊಂದು ಸಾವಿರ. ಅಷ್ಟನ್ನೂ ಇಟ್ಟು ಟ್ರಂಕು ಎತ್ತಿಕೊಂಡು ಬಂದೆ. ಜೀವನದಲ್ಲಿ ಚೌಕಾಸಿ ಮಾಡದೆ ಕೊಂಡ ವಸ್ತು ಅದೊಂದೇ.

ವಹಿಗಳು ಮೂವತ್ತೇಳು. ಕೈಯಿಂದ ತಿರುವಿ ಹುಡುಕಿದರೆ ಕಣ್ಣು ತಪ್ಪುತ್ತದೆ, ಇನ್ನೊಬ್ಬರು ಬಂದಾಗ ಮತ್ತೆ ಮೊದಲಿನಿಂದ ತಿರುವಬೇಕು. ನಾನು ಕೆಲವು ವರ್ಷ ಹುಬ್ಬಳ್ಳಿಯ ಒಂದು ಕಂಪನಿಗೆ ಹಳೆಯ ಪುಸ್ತಕ ಟೈಪ್ ಮಾಡಿಕೊಡುತ್ತಿದ್ದೆ. ಅವರು ಎಕ್ಸ್‌ಎಂಎಲ್ ಎಂಬ ರೀತಿಯಲ್ಲಿ ಕೇಳುತ್ತಿದ್ದರು. ಹೆಸರಿಗೆ ಹೆದರಬೇಡಿ, ಚೀಲಕ್ಕೆ ಚೀಟಿ ಕಟ್ಟುವ ಕೆಲಸವೇ ಅದು. ಬರಹದ ಪ್ರತಿ ತುಂಡಿನ ಮುಂದೊಂದು ಹಿಂದೊಂದು ಚೀಟಿ. ಒಳಗಿರುವುದು ಏನು ಎಂದು ಚೀಟಿ ಹೇಳುತ್ತದೆ. ಚೀಟಿ ಸಮೇತ ಒಂದು ಚೀಲವನ್ನು ಇನ್ನೊಂದರಲ್ಲಿ ಇಡಬಹುದು. ನಾನು ವಹಿ ಎಂಬ ದೊಡ್ಡ ಚೀಲದಲ್ಲಿ ಕಾಗದ ಎಂಬ ಚೀಲ, ಕಾಗದದಲ್ಲಿ ಚಕ್ಕುಬಂದಿ, ಚಕ್ಕುಬಂದಿಯಲ್ಲಿ ನಾಲ್ಕು ದಿಕ್ಕಿನ ನಾಲ್ಕು ಚೀಲ ಮಾಡಿದೆ. ದಿಕ್ಕಿನ ಸಾಲಿನ ನಡುವೆ ಯಾರದಾದರೂ ಹೆಸರು ಬಂದರೆ ಅದಕ್ಕೂ ಒಂದು ಸಣ್ಣ ಚೀಟಿ ಕಟ್ಟಿದೆ. ಇದೇ ಮುಂದೆ ನನ್ನನ್ನು ಕೆಡವಿತು, ಹೇಳುತ್ತೇನೆ. ಎಂಟು ತಿಂಗಳು ಹಿಡಿಯಿತು. ಆ ವರ್ಷದ ಮೆಣಸಿನಕಾಯಿಯನ್ನು ಅಕ್ಕಾರು ತಲೆಹೊರೆಯಲ್ಲೇ ತಂದರು. ಆಳುಗಳ ಜೊತೆ ತಾವೂ ಹೊತ್ತರು. ಸಾವಕಾರರ ಕಡೆಯವರು ಮತ್ತೊಮ್ಮೆ ಬಂದು ಮೊದಲಿಗಿಂತ ಕಡಿಮೆ ಬೆಲೆ ಹೇಳಿದರು.

ಟೈಪಿಂಗ್ ಮುಗಿದ ದಿನ ಅಕ್ಕಾರನ್ನು ಕರೆಸಿ ಎದುರಿಗೆ ಕೂಡಿಸಿಕೊಂಡೆ. ಉತ್ತರದಿಂದ ಹಿಡಿದು ನಾಲ್ಕೂ ದಿಕ್ಕಿನ ಚೀಲಗಳಲ್ಲಿ "ಗಾಡಿ ಹಾದಿ" ಎಂದಿರುವುದನ್ನು ತೆಗೆ ಎಂದು ಕಂಪ್ಯೂಟರಿಗೆ ಕೇಳಿದೆ. ಒಂದೂ ಇಲ್ಲ ಎಂದಿತು. ತಪ್ಪು ನನ್ನದೇ. ಚೀಲದಲ್ಲಿ ಆ ಎರಡು ಮಾತಿಗೆ ಸರಿಯಾಗಿ, ಹೆಚ್ಚಿಲ್ಲ ಕಡಿಮೆಯಿಲ್ಲ, ಅಷ್ಟೇ ಇರಬೇಕೆಂದು ಕೇಳಿದ್ದೆ. ಚಾಚಾ ಎರಡೇ ಮಾತಿನಲ್ಲಿ ಯಾವ ದಿಕ್ಕನ್ನೂ ಮುಗಿಸಿದವರಲ್ಲ. ಆ ಮಾತು ಒಳಗೆಲ್ಲಾದರೂ ಬಂದಿದ್ದರೆ ಸಾಕು, ಯಾವ ಚೀಟಿಯದಾದರೂ ಸರಿ ಎಂದು ಬದಲಿಸಿ ಕೇಳಿದೆ. ಪುಟಗಟ್ಟಲೆ ಬಂತು. ನೂರಾರು ಸಿಕ್ಕಿವೆ, ಕೇಸು ಗೆದ್ದ ಹಾಗೇ ಎಂದು ಅಕ್ಕಾರ ಮುಂದೆ ಎದೆ ಉಬ್ಬಿಸಿದೆ. ಅವರು ಕನ್ನಡಕ ಹಾಕಿಕೊಂಡು ಪರದೆ ನೋಡಿದರು.

"ಎಲ್ಲಾ ಅದ ಅದ ಅಲ್ರೀ? ಒಂದ ಕೋಳೀನ್ನ ನಾಕು ಸರ್ತೆ ಎಣಿಸಿದಂಗ ಆತು."

ಅವರು ಹೇಳಿದ್ದು ನಿಜ. ದಿಕ್ಕಿನ ಚೀಲದಲ್ಲಿ ಆ ಮಾತಿದ್ದರೆ ಅದನ್ನು ಹೊತ್ತ ಚಕ್ಕುಬಂದಿಯಲ್ಲೂ ಇದ್ದ ಹಾಗೆ, ಕಾಗದದಲ್ಲೂ ಇದ್ದ ಹಾಗೆ, ಇಡೀ ವಹಿಯಲ್ಲೂ ಇದ್ದ ಹಾಗೆ. ಕಂಪ್ಯೂಟರು ಎಲ್ಲವನ್ನೂ ಎತ್ತಿ ಕೊಟ್ಟಿತ್ತು. ಎಲ್ಲಕ್ಕಿಂತ ಒಳಗಿನ, ದಿಕ್ಕಿನ ಚೀಲವನ್ನಷ್ಟೇ ಕೊಡು, ನಮ್ಮ ಊರಿನದನ್ನಷ್ಟೇ ಕೊಡು ಎಂದ ಮೇಲೆ ಉಳಿದದ್ದು ಎಂಟು. ಎಂಟೂ ಬೇರೆ ಹಾದಿಗಳು. ಹಳ್ಳದ ಕಡೆಯದು, ರೈಲು ಹಳಿಯ ಕಡೆಯದು. ನಮ್ಮದು ಇರಲಿಲ್ಲ.

ನನ್ನ ಮುಖ ನೋಡಿ ಅಕ್ಕಾರಿಗೆ ನಗು ಬಂತು. ಈ ಗಾಡಿ ಹಾದಿ ಅನ್ನುವುದು ಯಾರಿಟ್ಟ ಹೆಸರು ಎಂದು ಕೇಳಿದರು. ಅರ್ಜಿಯಲ್ಲಿ ವಕೀಲರು ಬರೆದದ್ದು ಎಂದೆ. "ನಮ್ಮತ್ತಿ ಅದಕ್ಕ ಹಂಗ ಅಂದದ್ದ ನಾ ಕೇಳಿಲ್ಲ. ಚರಗದ ಹಾದಿ ಅಂತಿದ್ರು."

ಸೀಗಿ ಹುಣ್ಣಿಮೆಗೆ, ಎಳ್ಳಮಾಸಿಗೆ ನಮ್ಮ ಕಡೆ ಹೊಲಕ್ಕೆ ಅಡಿಗೆ ಒಯ್ದು ಪೂಜೆ ಮಾಡಿ, ಎಡೆಯ ಅಡಿಗೆಯನ್ನೇ ಚರಗವೆಂದು ಹೊಲದ ತುಂಬ ಚೆಲ್ಲಿ, ಬದುವಿನ ಮೇಲೆ ಕೂತು ಉಣ್ಣುತ್ತಾರೆ. ಆ ಭಾಗದ ಅಷ್ಟೂ ಮನೆಯವರ ಗಾಡಿಗಳು ಬುಟ್ಟಿ ಹೊತ್ತು ಸಾಲಾಗಿ ಹೋಗುತ್ತಿದ್ದದ್ದು ಇದೇ ಹಾದಿಯಲ್ಲಿ. ಬಾಯಲ್ಲಿ ಉಳಿದದ್ದು ಆ ಹೆಸರು. ಬಾಜೂದವರನ್ನು ಮೂಲೆಗೆ ನಿಲ್ಲಿಸಿ ಕೇಳಿದ ಚಾಚಾ ಬೇರೆ ಹೆಸರು ಬರೆದಿರುವುದು ಸಾಧ್ಯವೇ ಇಲ್ಲ. "ಚರಗದ ಹಾದಿ" ಎಂದು ಹೊಡೆದೆ. ಮತ್ತೆ ಒಂದೂ ಇಲ್ಲ.

"ನಿಮ್ಮ ಮಷೀನಿಗೆ ಓದಾಕ ಬರಂಗಿಲ್ಲೇನ್ರೀ?"

ಬರುತ್ತದೆ, ಕೇಳುವವನಿಗೆ ಕೇಳಲು ಬರಬೇಕು. ಎರಡು ಕಡೆ ಎಡವಿದ್ದೆ. ದಿಕ್ಕಿನ ಸಾಲಿನಲ್ಲಿ ಹೆಸರುಗಳಿಗೆ ಸಣ್ಣ ಚೀಟಿ ಕಟ್ಟಿದ್ದೆನಲ್ಲ, ಅದರಿಂದ ಸಾಲು ತುಂಡಾಗಿತ್ತು. ಹೆಸರಿಗಿಂತ ಹಿಂದಿನದೊಂದು ತುಂಡು, ಮುಂದಿನದೊಂದು ತುಂಡು. ಒಳಗಿನ ಚೀಲವನ್ನಷ್ಟೇ ಕೇಳಲು ನಾನು ಬದಲಿಸಿ ಬರೆದ ಪ್ರಶ್ನೆ ಮೊದಲ ತುಂಡನ್ನು ಮಾತ್ರ ನೋಡಿ ಹಿಂದಿರುಗುತ್ತಿತ್ತು. ಎರಡನೆಯದು, ಚಾಚಾನ ವಹಿಯಲ್ಲಿ ಸಾಲು ಮುಗಿದಲ್ಲಿ ನಾನೂ ಸಾಲು ಮುರಿದಿದ್ದೆ. "ಚರಗದ" ಮೇಲಿನ ಸಾಲಿನಲ್ಲಿ, "ಹಾದಿ" ಕೆಳಗಿನ ಸಾಲಿನಲ್ಲಿ ಬಿದ್ದರೆ ನಮ್ಮ ಕಣ್ಣಿಗೆ ಅದು ಒಂದೇ ಮಾತು, ಕಂಪ್ಯೂಟರಿಗೆ ನಡುವೆ ದೊಡ್ಡ ಬಯಲು. ಚೀಲದ ಒಳಗಿನ ಎಲ್ಲ ತುಂಡುಗಳನ್ನೂ ಕೂಡಿಸಿ, ನಡುವಿನ ಖಾಲಿಯನ್ನೆಲ್ಲ ಒಂದೊಂದೇ ಬೆರಳಿನಷ್ಟಕ್ಕೆ ಒತ್ತಿ, ಆಮೇಲೆ ನೋಡು ಎಂದು ತಿದ್ದಿ ಬರೆದೆ.

ಐದು ಕಾಗದ ಬಂದವು.

ಮೊದಲನೆಯದನ್ನು ಗಟ್ಟಿಯಾಗಿ ಓದಿದೆ. ಚಾಚಾನ ದನಿಯೇ ಕೇಳಿದ ಹಾಗಾಯಿತು. ದಕ್ಷಿಣಕ್ಕೆ, ಇಂಥವರ ಹೊಲದ ಬದುವಿನಗುಂಟ ಹಾಯ್ದು ಹಿಂದಿನ ಹೊಲಗಳಿಗೆ ಹೋಗುವ, ಒಂದು ಗಾಡಿಯೂ ಅದರ ಬಾಜೂಕ ಹೊರೆ ಹೊತ್ತ ಒಬ್ಬ ಮನುಷ್ಯನೂ ಕೂಡಿ ನಡೆಯುವಷ್ಟು ಅಗಲದ, ವರ್ಷದ ಹನ್ನೆರಡೂ ತಿಂಗಳು ನಡೆಯುವ ಚರಗದ ಹಾದಿ. ಅಕ್ಕಾರು ಇನ್ನೊಮ್ಮೆ ಓದಿರಿ ಎಂದರು. ಓದಿದೆ. ಕೆಳಗಿನ ಸಾಕ್ಷಿಯ ಹೆಸರನ್ನು ನಾನೇ ಎರಡು ಸಲ ಓದಿಕೊಂಡೆ. ಸಾವಕಾರರಿಗೆ ಮುಂದಿನ ಹೊಲ ಮಾರಿದವನ ಅಪ್ಪ. ಅಂದು ಬಾಜೂ ಹೊಲದವನಾಗಿ ಮೂಲೆಯಲ್ಲಿ ನಿಂತು, ಹಾದಿ ತೋರಿಸಿ, ಸಹಿ ಹಾಕಿದ್ದ.

ವಹಿಯ ನಕಲು ಕಚೇರಿಯಲ್ಲಿ ನಡೆಯುವುದಿಲ್ಲ, ಅದು ಗೊತ್ತಿದ್ದದ್ದೇ. ಆದರೆ ಪ್ರತಿ ನಕಲಿನ ತಲೆಯ ಮೇಲೆ ಚಾಚಾ ನೋಂದಣಿಯ ನಂಬರು, ವರ್ಷ ಬರೆದಿಟ್ಟಿದ್ದರು. ಅದನ್ನು ಹಿಡಿದು ಅರ್ಜಿ ಕೊಟ್ಟೆವು, ಐದಕ್ಕೂ ಮೊಹರು ಬಿದ್ದ ನಕಲು ಕೈಗೆ ಬಂದವು.

ವಿಚಾರಣೆಯ ದಿನ ಸಾವಕಾರರ ವಕೀಲರು ಇದು ವರ್ಷಕ್ಕೆರಡು ದಿನ ಊಟದ ಬುಟ್ಟಿ ಒಯ್ಯುವ ಹಾದಿ, ಹಬ್ಬದ ಸಲಿಗೆ, ಹಕ್ಕಲ್ಲ ಎಂದರು. ಅಕ್ಕಾರ ವಕೀಲರು ಹನ್ನೆರಡೂ ತಿಂಗಳು ಎಂಬ ಮಾತಿನ ಮೇಲೆ ಬೆರಳಿಟ್ಟರು. ಆಗ ಸಾವಕಾರರ ವಕೀಲರು ನನ್ನ ಕಾಗದ ತೆಗೆದರು. ಬರೆದವನು ಇಲ್ಲೇ ಇದ್ದಾನೆ, ಅವನೇ ಅಂದು ಹಾದಿ ಬರೆದಿಲ್ಲ, ಈಗ ಎಲ್ಲಿಂದ ಬಂತು ಎಂದು ಕೇಳಿದರು. ಕುಳಿತಲ್ಲಿಂದ ಏನಾದರೂ ಹಾರಿಕೆಯ ಮಾತು ಹೇಳಬಹುದಿತ್ತು. ನನ್ನ ಅರ್ಧ ದುಡಿಮೆ ಕೊಡುವ ಲೇಔಟಿನವರು ಎದುರಿನ ಬೆಂಚಿನ ಮೇಲೆ ಕೂತಿದ್ದರು. ಎದ್ದು ನಿಂತೆ.

"ಹಾದಿ ಅವತ್ತೂ ಇತ್ರಿ. ಸಾವಕಾರ್ರು ಬ್ಯಾಡಂದ್ರು, ನಾ ರೊಕ್ಕ ತಗೊಂಡು ಬಿಟ್ಟು ಬರದೆ. ನಾ ಹೇಳಿದ್ದು ಹಂಗ ಬರಕೊಳ್ರಿ, ಸಹಿ ಮಾಡ್ತೀನಿ."

ಬರೆದುಕೊಂಡರು. ಸಹಿ ಮಾಡಿದೆ. ಹೊರಗೆ ಬಂದಾಗ ಸಾವಕಾರರ ಕಡೆಯವನೊಬ್ಬ ಅಡ್ಡ ನಿಂತು, ಇನ್ನು ಮೇಲೆ ನಿನ್ನ ಅಂಗಡಿಗೆ ನಮ್ಮದೊಂದು ಕಾಗದ ಬರುವುದಿಲ್ಲ ಎಂದ. ಬರುವುದು ಬೇಡ, ಬಂದರೂ ಹೊಲಕ್ಕೆ ಹೋಗಿ ನಾಲ್ಕು ಮೂಲೆಯಲ್ಲಿ ಜನ ನಿಲ್ಲಿಸದೆ ಬರೆಯುವುದಿಲ್ಲ, ಅದು ನಿಮಗೆ ಗಿಟ್ಟುವುದಿಲ್ಲ ಎಂದೆ. ಅಂದಿನಿಂದ ಹಾಗೇ ಬರೆಯುತ್ತಿದ್ದೇನೆ. ದಿನಕ್ಕೆ ಆರು ಕಾಗದ ಹೋಗಿ ಎರಡಾಗಿದೆ. ದೂರದ ಮಿಶ್ರಿಕೋಟಿಯಿಂದ, ತಂಬೂರಿನಿಂದಲೂ ಈಗ ಹುಡುಕಿಕೊಂಡು ಬರುತ್ತಾರೆ, ಆ ಮಾತು ಬೇರೆ.

ಹುಕುಂ ಅಕ್ಕಾರ ಕಡೆಯಾಯಿತು. ಗೋಡೆಯನ್ನು ಒಂದು ಗಾಡಿ, ಒಬ್ಬ ಹೊರೆಯ ಮನುಷ್ಯ ಹೋಗುವಷ್ಟು ಒಡೆದಿದ್ದಾರೆ. ಸಾವಕಾರರು ಅಪೀಲು ಹೋಗಿದ್ದಾರೆ. ಹೋಗಲಿ, ಐದೂ ನಕಲಿನ ಇನ್ನೊಂದು ಜೊತೆ ತೆಗೆದಿಟ್ಟಿದ್ದೇನೆ. ಈ ವರ್ಷದ ಮೆಣಸಿನಕಾಯಿ ಟ್ರ್ಯಾಕ್ಟರಿನಲ್ಲೇ ಬಂತು.

ಹುಕುಮಿನ ಝೆರಾಕ್ಸ್ ಹಿಡಿದುಕೊಂಡು ಚಾಚಿಯ ಹತ್ತಿರ ಹೋಗಿದ್ದೆ. ಓದಿ ಹೇಳಿದೆ. ವಿಚಾರಣೆಯಲ್ಲಿ ನಾನು ಎದ್ದು ನಿಂತು ಹೇಳಿದ್ದನ್ನೂ ಹೇಳಿದೆ, ಸ್ವಲ್ಪ ಶಹಬಾಸ್ ಬಯಸಿದ್ದೆನೋ ಏನೋ... ಚಾಚಿ ಝೆರಾಕ್ಸನ್ನು ಮಡಚಿ ನನ್ನ ಕೈಗೆ ಕೊಟ್ಟರು. "ಅವರಿಗೆ ಹೇಳಬೇಕಿತ್ತಪಾ ಇದನ್ನ," ಎಂದರು. ಚಾಚಾ ಕಣ್ಣು ಮಂಜಾದ ಮೇಲೂ ನಾಲ್ಕು ವರ್ಷ ಇದ್ದರು, ನನ್ನ ಅಂಗಡಿಯಿಂದ ಮೂರು ಓಣಿ ಆಚೆ. ಆ ನಾಲ್ಕು ವರ್ಷವನ್ನು ಯಾವ ವಹಿಯಲ್ಲಿ ಹುಡುಕಿದರೂ ಸಿಗುವುದಿಲ್ಲ.

ನಿಮಗೆ ಹೇಳುವುದು ಇಷ್ಟು. ಮನೆಯಲ್ಲಿರುವ ಹೊಲದ ಕಾಗದ ಇವತ್ತೇ ತೆಗೆದು ಚಕ್ಕುಬಂದಿ ಓದಿರಿ. ನಾಲ್ಕೂ ಕಡೆ ಬರೀ ಅಂಕಿ ಇದ್ದರೆ ಖುಷಿಪಡಬೇಡಿ. ಬಾಜೂದವರನ್ನು ಕರೆದುಕೊಂಡು ಹೊಲಕ್ಕೆ ಹೋಗಿ, ಏನೇನಿದೆ ಎಂದು ಅವರ ಬಾಯಿಂದಲೇ ಹೇಳಿಸಿ, ಮುಂದಿನ ಸಲ ಕಾಗದ ಮಾಡಿಸುವಾಗ ಅದನ್ನೇ ಬರೆಸಿರಿ. ಬರೆಯುವವನು ಬೇಸರಪಟ್ಟರೆ ಬೇರೆಯವನನ್ನು ನೋಡಿರಿ. ಹಳೆಯ ದಾಖಲೆ ಕಂಪ್ಯೂಟರಿಗೆ ಏರಿಸುವವರು ಚೀಟಿ ಕಟ್ಟಿರಿ, ಆದರೆ ಚೀಟಿಯನ್ನೇ ನಂಬಿ ಕೂಡಬೇಡಿ, ಒಳಗಿನ ಮಾತನ್ನು ಹುಡುಕಲು ಕಲಿಯಿರಿ. ಪೂರ್ತಿ ಸಾಲನ್ನು ಕೂಡಿಸಿ ನೋಡಿರಿ, ಖಾಲಿ ಜಾಗ ಒತ್ತಿರಿ, ಎಲ್ಲಕ್ಕಿಂತ ಒಳಗಿನದನ್ನು ಹಿಡಿಯಿರಿ. ಒಂದೂ ಸಿಗಲಿಲ್ಲ ಎಂದು ಬಂದರೆ ವಸ್ತು ಇಲ್ಲ ಎಂದು ಒಪ್ಪಬೇಡಿ. ಅದನ್ನು ಬಳಸಿದ ಜನ ಏನೆಂದು ಕರೆಯುತ್ತಿದ್ದರೆಂದು ಕೇಳಿರಿ. ಅದನ್ನು ಬಲ್ಲ ಮುದುಕರು, ಮುದುಕಿಯರು ನಿಮ್ಮ ಓಣಿಯಲ್ಲಿ ಇನ್ನೂ ಇದ್ದರೆ ನಾಳೆಗೆ ಹಾಕಬೇಡಿ. ಅಂಗಡಿ ಒಂದು ತಾಸು ಮುಚ್ಚಿರಿ, ಹೋಗಿ ಎದುರಿಗೆ ಕೂತು ಕೇಳಿರಿ, ಅವರು ಅಂದ ಹಾಗೇ ಬರೆದುಕೊಳ್ಳಿರಿ. ತಿದ್ದಬೇಡಿ.